ಇಲಿಯ ಪಾಲು

ಮೊದಲು ತೂಕದ ಯಂತ್ರದ ಮೇಲೆ ನಿಲ್ಲಬೇಕು.
ಐವತ್ತೊಂದೂವರೆ.
ಎಂಟು ವಾರದ ಹಿಂದೆ ಐವತ್ತು.
"ಒಂದೂವರೆ ಕಿಲೊ ಗೆದ್ದೆ" ಎನ್ನುತ್ತಾಳೆ ನರ್ಸ್ ರನ್ವಾ.
ಅದರಲ್ಲಿ ಅರ್ಧ ನನ್ನ ಬೂಟಿನದು
ಎಂದು ನಾನು ಬಾಯಿಬಿಡುವುದಿಲ್ಲ.

ದಕ್ಷಿಣದ ದ್ವೀಪದಿಂದ ಬೆಳಗಿನ ಹಡಗಿಗೆ ಬಂದವಳು,
ಎರಡು ಗಂಟೆ ಅಲೆಯ ಮೇಲೆ.
ಜನ ಕಿಟಕಿಯ ಬದಿ ಹಿಡಿಯುತ್ತಾರೆ,
ನಾನು ಶೌಚದ ಬಾಗಿಲಿನ ಬದಿ.
ಯಾವ ಅಂಗಡಿಯಲ್ಲೂ ಸಿಗದ ನಕಾಶೆ ಇದೆ ನನ್ನಲ್ಲಿ:
ತೋರ್ಸ್‌ಹಾವ್ನ್ ಬಂದರಿನಿಂದ ಈ ಆಸ್ಪತ್ರೆಯ ತನಕ
ಏಳು ಬಾಗಿಲು.
ಎರಡಕ್ಕೆ ಮೊದಲು ಕಾಫಿ ಕೊಳ್ಳಬೇಕು,
ಒಂದರ ಚಿಲಕ ನಿಲ್ಲುವುದಿಲ್ಲ.

ಔಷಧದ ಸೀಸೆಯನ್ನು ಕುಲುಕಬಾರದು, ನೊರೆ ಏಳಬಾರದು.
ರನ್ವಾ ಮೆಲ್ಲಗೆ ತಿರುಗಿಸುತ್ತಾಳೆ,
ದೀಪಕ್ಕೆ ಮರುಳಾಗಿ ಬೀದಿಗೆ ಬಿದ್ದ ಕಡಲಹಕ್ಕಿಯ ಮರಿ
ಅವಳ ಕೈಯಲ್ಲಿದ್ದ ಹಾಗೆ.
ಎಡಗೈಯ ನರ ಮುನಿಸಿಕೊಂಡಿದೆ,
ಬಲಗೈ ಕೊಟ್ಟೆ.
ಹನಿ.
ಹನಿ.
ಹನಿಹನಿ ಕೂಡಿದರೆ ಹಳ್ಳ ಎಂದವರು
ಈ ಕುರ್ಚಿಯಲ್ಲಿ ಎರಡು ಗಂಟೆ ಕೂತಿರಲಿಕ್ಕಿಲ್ಲ.

ಪಕ್ಕದ ಕುರ್ಚಿ ಹೊಗ್ನಿಯದು.
ಮೂವತ್ತು ವರ್ಷ ಮೀನುಹಡಗಿನ ಅಡುಗೆಯವನು,
ಈಗ ಅವನಿಗೆ ಬಿಳಿ ಬ್ರೆಡ್ಡು, ಬೇಯಿಸಿದ ಕ್ಯಾರೆಟ್.
"ಗೊತ್ತೇನು," ಎಂದಿದ್ದ ಮೊದಲ ಸಲ,
"ಈ ಔಷಧ ಕಾಲು ಭಾಗ ಇಲಿ."
ನಕ್ಕೆ. ನಿಜವಂತೆ.
ಮುಕ್ಕಾಲು ಮನುಷ್ಯ, ಕಾಲು ಇಲಿ,
ಎರಡರ ಎಳೆ ಹೊಸೆದು ಮಾಡಿದ್ದು.
ಅಂದಿನಿಂದ ಹೀಗೇ ಎಣಿಸುತ್ತೇನೆ:
ಮನುಷ್ಯ, ಮನುಷ್ಯ, ಮನುಷ್ಯ, ಇಲಿ.

ನಾನು ಸಾಲ್ಮನ್ ಕಾರ್ಖಾನೆಯವಳು.
ಯಂತ್ರ ಹೊಟ್ಟೆ ಸೀಳುತ್ತದೆ,
ಯಂತ್ರ ಬಿಟ್ಟ ಕರುಳನ್ನು ನಾನು ಬಾಚುತ್ತೇನೆ,
ನಿಮಿಷಕ್ಕೆ ಹದಿನಾರು ಮೀನು.
ತಣ್ಣಗೆ, ನುಣ್ಣಗೆ, ಒಂದೂ ಊದಿಕೊಂಡದ್ದಿಲ್ಲ.
ಹೊಟ್ಟೆಕಿಚ್ಚು ಎಂದರೆ ಇದೇ ಇರಬೇಕು,
ಸತ್ತ ಮೀನಿನ ಕರುಳು ಕಂಡು
ಬದುಕಿರುವವಳು ಕರುಬುವುದು.
ಒಂದು ದಿನ ಹನ್ನೊಂದು ಸಲ ಸಾಲು ಬಿಟ್ಟು ಓಡಿದೆ.
ಮೇಲ್ವಿಚಾರಕ ಗಡಿಯಾರ ನೋಡಿದ, ಏನೂ ಅನ್ನಲಿಲ್ಲ.
ಅಂದಿದ್ದರೆ ಹಗುರಾಗುತ್ತಿತ್ತು.

ಡಾಕ್ಟರು ಚಿತ್ರ ಬರೆದು ತೋರಿಸಿದರು:
ಕಾವಲಿಗಿದ್ದವರೇ ಮನೆಯೊಳಗೆ ಕಲ್ಲು ತೂರುತ್ತಿದ್ದಾರೆ.
ಬೇಲಿಯೇ ಎದ್ದು ಹೊಲ ಮೇಯುವುದು.
ನಮ್ಮಲ್ಲಿ ಬೇಲಿ ಎಂದರೆ ಕಲ್ಲುಗೋಡೆ,
ಗುಡ್ಡಕ್ಕೂ ಹುಲ್ಲಿಗೂ ನಡುವೆ, ಮುತ್ತಜ್ಜಂದಿರು ಕಟ್ಟಿದ್ದು.
ಕುರಿ ಹಾರುವುದನ್ನು ಕಂಡಿದ್ದೇನೆ.
ಗೋಡೆ ಮೇಯುವುದನ್ನು
ಮೈಯೊಳಗಷ್ಟೇ.

ಎಲ್ಸ್ಪಾಗೆ ಒಂಬತ್ತು. ಒಬ್ಬಳೇ ಕರುಳ ಕುಡಿ.
ಇಲಿಯ ಸಂಗತಿ ಹೇಳಿದಾಗ
ಅಮ್ಮನಿಗೆ ನೋವಾ ಎಂದು ಕೇಳಲಿಲ್ಲ,
"ಇಲಿಗೆ ನೋವಾಯಿತಾ?" ಎಂದಳು.
ಎಂಟು ವಾರಕ್ಕೊಮ್ಮೆ ನನ್ನ ಚೀಲದ ಜೇಬಿನಲ್ಲಿ
ಕಾಗದ ಸುತ್ತಿದ ಚೀಸ್ ತುಂಡು ಇಡುತ್ತಾಳೆ,
ಅದರ ಪಾಲು.

ಇವತ್ತು ಹೊಗ್ನಿಯ ಕುರ್ಚಿಯಲ್ಲಿ ಹದಿನೇಳರ ಹುಡುಗ,
ಕಿವಿಯಲ್ಲಿ ಹಾಡಿನ ಗುಂಡಿ,
ಚಾಚಿದ ತೋಳು ಬೇರೆ ಯಾರದೋ ಎಂಬ ಮುಖ.
ಹೊಗ್ನಿ ಎಲ್ಲಿ?
ರನ್ವಾ ಟೇಪು ಹರಿಯುತ್ತಾ, ನನ್ನತ್ತ ನೋಡದೆ,
"ಅವನ ಮೈಗೆ ಇಲಿಯ ಗುರುತು ಹತ್ತಿತು" ಎಂದಳು.
ಅಷ್ಟನ್ನೂ ಅವಳು ಹೇಳಬಾರದಿತ್ತು.

ಮೈಯೇ,
ನಿನ್ನನ್ನು ಇನ್ನೊಂದು ಕೇಳುವುದಿಲ್ಲ.
ಕತ್ತಲಲ್ಲಿ ಬಾಗಿಲ ಸಂದಿನಿಂದ ನುಸುಳಿ ಬಂದದ್ದನ್ನು
ಕಂಡೂ ಕಾಣದವಳ ಹಾಗೆ ಇರು.
ಹೆಸರು ಕೇಳಬೇಡ.

ಕೊನೆಗೆ ಉಪ್ಪುನೀರು ಬಿಟ್ಟು ಕೊಳವೆ ತೊಳೆಯುತ್ತಾರೆ.
ಮೊಣಕೈವರೆಗೆ ತಣ್ಣನೆ ಒಂದು ಗೆರೆ ಏರುತ್ತದೆ.
ಮೂರರ ಹಡಗಿಗೆ ಇನ್ನೂ ಹೊತ್ತಿದೆ.
ಹುಡುಗ ಬಿಳಿಚಿದ್ದಾನೆ.
ಕಾಗದ ಬಿಚ್ಚಿ ಚೀಸ್ ತುಂಡು ಚಾಚಿದೆ.
"ನಾವು ತಿನ್ನಬಹುದಾ ಇದನ್ನ?"
ಗೊತ್ತಿಲ್ಲ ಎಂದೆ, ಇದು ನಿನಗಲ್ಲ, ಇಲಿಗೆ.
ಅವನು ನಗಲಿಲ್ಲ.
ಒಂದು ಕಿವಿಯ ಗುಂಡಿ ಮಾತ್ರ ತೆಗೆದ.