ಭದ್ರತಾ ಟಿಪ್ಪಣಿ, ಸಂಖ್ಯೆ ಹದಿನೇಳು

ಚಳ್ಳಕೆರೆಯ ಆಚೆ, ಕಾವಲಿಗೆ ಗೋಡೆ ಎದ್ದ ಮೇಲೆ
ಒಳಗಿನ ಹುಲ್ಲಿಗೂ ಒಂದು ಕಡತವಿದೆ.
ಅದರ ಬೆರಳಚ್ಚು ನನ್ನದು.

ಸೋಮವಾರ, ಹತ್ತೂಕಾಲು. ರೇಡಾರಿನ ತೆರೆಯ ಮೇಲೆ
ಒಂದು ಚುಕ್ಕೆ: ತೀರ ಕೆಳಗೆ, ತೀರ ನಿಧಾನ,
ಜಾಲಿಯ ನೆತ್ತಿ ಸವರಿಕೊಂಡು.
ದಿಲ್ಲಿಯಿಂದ ಬಂದ ಮೂವರು ಕನ್ನಡಕ ಒರೆಸಿಕೊಂಡರು.
'ಡ್ರೋನ್' ಎಂದರು ಒಬ್ಬರು. 'ಯಾರದು?' ಇನ್ನೊಬ್ಬರು.
ಮೂರನೆಯವರು ಆಗಲೇ ಖರ್ಚಿನ ಅಂದಾಜು ಹೇಳುತ್ತಿದ್ದರು,
ನಾನು ಸೊನ್ನೆ ಕುಟ್ಟುತ್ತಿದ್ದೆ.

ಚಹಾ ತಂದ ಪಾಲಯ್ಯ ತೆರೆ ನೋಡಲಿಲ್ಲ,
ಕಿಟಕಿ ನೋಡಿದ.
'ಎರೆಭೂತ ಕಣ್ರೀ! ನಾನು ಕುರಿ ಕಾಯೋವಾಗ
ಇದೇ ದಿಬ್ಬದಾಗೆ ಮೊಟ್ಟೆ ಇಡೋದು. ವರ್ಷಕ್ಕೆ ಒಂದೇ.
ಇನ್ನೂ ಐತಲ್ಲ...'
ಕೈಲಿದ್ದ ತಟ್ಟೆ ಓರೆಯಾಗಿ
ಚಹಾ ನಕಾಶೆಯ ಮೇಲೆ ಗಡಿ ದಾಟಿ ಹರಿಯಿತು.

ಅನುಬಂಧದಲ್ಲಿ ಅವನ ಮಾತು ಸೇರಿಸಿದೆ.
ಕೆಂಪು ಶಾಯಿ ಬಂತು: 'ಮೂಲ ನಂಬಲರ್ಹವಲ್ಲ. ತೆಗೆಯಿರಿ.'
ತೆಗೆದೆ.

ಟಿಪ್ಪಣಿ ಹೋಯಿತು, ಮಂಜೂರಾತಿ ಬಂತು,
ದಿಬ್ಬದ ಮೇಲೆ ಎರಡು ಕಂಬ ಬಂದವು.
ಹಕ್ಕಿ ಬರಲಿಲ್ಲ.

ಪಾಲಯ್ಯ ಈಗಲೂ ಹತ್ತೂಕಾಲಿಗೇ ಬರುತ್ತಾನೆ;
ಲೋಟ ಇಡುವ ಮುಂಚೆ ಕಿಟಕಿಯ ಹತ್ತಿರ
ಸ್ವಲ್ಪ ಹೊತ್ತು.
ನಾನೂ ಕುಟ್ಟುವುದು ನಿಲ್ಲಿಸುತ್ತೇನೆ.