ಗೇಣು ಅಂದರೆ ಎಷ್ಟು

ಗಂಗಾವತಿಯ ಹೊರಗೆ, ಎಡದಂಡೆ ಕಾಲುವೆಯ ಕೆಳಗೆ
ನಮ್ಮ ಮಣ್ಣಿನ ಕಚೇರಿ.
ಇಲ್ಲಿ ಸವಳೂ ಇದೆ, ಜವಳೂ ಇದೆ.
ಜನ ಒಂದೇ ಉಸಿರಲ್ಲಿ ಸವಳು-ಜವಳು ಅನ್ನುತ್ತಾರೆ,
ಅವಳಿ ಮಕ್ಕಳನ್ನು ಊಟಕ್ಕೆ ಕೂಗಿದ ಹಾಗೆ.
ಕೂಗಲಿ. ಗಣಕಕ್ಕೆ ಮಾತ್ರ ತಿಳಿಯಬೇಕಲ್ಲ
ಯಾರ ಮೈಯಲ್ಲಿ ಉಪ್ಪು, ಯಾರ ಕಾಲಡಿ ನೀರು.

ನನ್ನ ಪಾಲಿಗೆ ಬಂದ ಮಾದರಿಯೊಳಗೆ
ಮೂವತ್ತು ವರ್ಷದ ಅಂಕಿ, ಐವರ ಕೈ.
ಒಬ್ಬರು 'ಲವಣ' ಎಂದು ಬರೆದಿದ್ದರು,
ಒಬ್ಬರು 'ಉಪ್ಪಿನಂಶ', ಮತ್ತೊಬ್ಬರು ಬರೀ 'ಎಸ್'.
ಇನ್ನೊಬ್ಬರ 'ಜ'
ಜವಳೋ ಜೋಳವೋ, ಅವರೇ ಬಲ್ಲರು.
ಒಂದೇ ಗದ್ದೆಯ ಒಂದೇ ಉಪ್ಪನ್ನು ಮೂರು ಸಲ ಕೂಡಿ
ಕಾರಟಗಿಯ ಭತ್ತವನ್ನೆಲ್ಲ ಎರಡೇ ಸುಗ್ಗಿಯಲ್ಲಿ
ಕೊಂದುಹಾಕಿತ್ತು ಪ್ರೋಗ್ರಾಂ, ಪರದೆಯ ಮೇಲೆ.
ಹೊರಗೆ ಭತ್ತ ಹಸಿರಾಗಿಯೇ ನಿಂತಿತ್ತು,
ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ.

ಒಂದು ಪಟ್ಟಿ ಶುರು ಮಾಡಿದೆ.
ಪದ, ಅದರ ಅರ್ಥ, ಅಳತೆ, ಅಳೆದವರ ಹೆಸರು.
ಮೊದಲ ಪದವೇ ಕಾಲಿಗೆ ತೊಡರಿತು:
ಮಾದರಿ ಎಂದರೆ ಲೆಕ್ಕವೂ ಹೌದು, ಚೀಲದ ಮಣ್ಣೂ ಹೌದು.
ಚೀಲದ್ದಕ್ಕೆ 'ನಮೂನೆ' ಅಂದೆ, ನಮ್ಮ ಮನೆಯ ಮಾತು.
ಪಂಪನಗೌಡ ಸರ್ ನಕ್ಕರು:
"ಏನು ಖಾಜಾಬನಿ, ಲಗ್ನದ ಮುಯ್ಯಿ ಬರಿಯಾಕ ಹತ್ತೀಯೇನು?"
ಹೌದು ಸರ್. ಬರೆದಿಡದಿದ್ದರೆ
ಯಾರದ್ದು ಯಾರಿಗೆ ಮರಳಿಸುವುದು ಮುಂದೆ?

ಎಲ್ಲ ಒಂದು ದಾರಿಗೆ ಬಂತು, ಗೇಣೊಂದನ್ನು ಬಿಟ್ಟು.
ಹಳೆಯ ವಹಿಗಳಲ್ಲಿ, ನೀಲಿ ಪೆನ್ಸಿಲ್ಲಿನಲ್ಲಿ,
"ಒಂದು ಗೇಣು ಕೆಳಗೆ", "ಎರಡು ಗೇಣು ಕೆಳಗೆ",
ಏಳುನೂರು ಸಲ.
ಯಾರೋ ಅದನ್ನು ಒಂಬತ್ತು ಇಂಚು ಮಾಡಿದ್ದರು,
ಯಾರೋ ಇಪ್ಪತ್ತು ಸೆಂಟಿಮೀಟರ್.
ಬೇರಿಗೆ ಆ ಅಂತರ ಸಣ್ಣದಲ್ಲ.

ಬಸ್ಸು ಹತ್ತಿ ಕನಕಗಿರಿಗೆ ಹೋದೆ.
ನಿವೃತ್ತನಾಗಿ ಹನ್ನೊಂದು ವರ್ಷ,
ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ.
"ಕೈ ಕೊಡಪ್ಪ" ಅಂದೆ.
ಭವಿಷ್ಯ ಹೇಳುತ್ತಾಳೆ ಅಂದುಕೊಂಡು ಅಂಗೈ ಒರೆಸಿಕೊಂಡ.
ಉಕ್ಕಿನ ಅಳತೆಪಟ್ಟಿಗೆ ಹೆಬ್ಬೆರಳು ಊರಿ
ಕಿರುಬೆರಳು ಚಾಚಿದ, ಮುಖ ಕಿವುಚಿ.
"ಆವಾಗ ಇನ್ನಾ ಒಂದೀಟು ಹೆಚ್ಚಿತ್ತಬೇ,
ಈಗ ಬೆರಳು ಮಡಚ್ಯಾವ."
ಅದನ್ನೂ ಬರೆದೆ:
ಗೇಣು. ಅಯ್ಯಾಲಪ್ಪನವರ ಬಲಗೈ. ಇಪ್ಪತ್ತೊಂದೂವರೆ ಸೆಂ.ಮೀ.
ಒಂದು ಸೆಂ.ಮೀ. ಹೆಚ್ಚಿರಬಹುದು; ಬೆರಳು ಮಡಚಿವೆ.

ಮತ್ತೆ ತೊಂಬತ್ತೊಂದರ ವಹಿಯ ಈ ಸೊನ್ನೆಗಳು?
ಸಾಲಾಗಿ ಒಂಬತ್ತು ದಿನ, ಉಪ್ಪೇ ಇಲ್ಲ?
"ಉಪ್ಪಿಲ್ಲದ ನೆಲ ಐತೇನು ನಮ್ಮ ಕಡೆ?
ನಾನು ಹೋಗಿದ್ದೇ ಇಲ್ಲ. ಮಗಳು ಹುಟ್ಟಿದ್ಲು.
ಖಾಲಿ ಬಿಟ್ಟಿದ್ದೆ. ಸೊನ್ನಿ ಹಾಕಿದವ ಯಾವನು?"
ಹಾಕಿದವರ ಹೆಸರಿಲ್ಲ.
ಒಂಬತ್ತು ಸೊನ್ನೆ ಅಳಿಸಿ 'ಅಳೆದಿಲ್ಲ' ಎಂದು ಬರೆಯುವಾಗ
ಒಳಗಿನಿಂದ ಯಾರೋ ಚಹಾ ತಂದಿಟ್ಟರು;
ಹಣೆ ಥೇಟು ಅವನದೇ.

"ಇದನ್ನ ಯಾರು ನೋಡ್ತಾರ?"
ಯಾರು ಬೇಕಾದರೂ. ಬೀಗ ಹಾಕುವುದಿಲ್ಲ.
"ತಪ್ಪು ಹಿಡಿದ್ರ?"
ತಿದ್ದುತ್ತಾರೆ. ತಿದ್ದಿದವರ ಹೆಸರೂ ಉಳಿಯುತ್ತದೆ.
ಒಂದು ಶೇಂಗಾ ಒಡೆದ. ಜೊಳ್ಳು. ಎಸೆದ.
"ಹಂಗಾರ ನನ್ನ ಹೆಸರಿನಾಗ 'ಳ' ಸರಿಯಾಗಿ ಬರಿ.
ಪಗಾರದ ಪುಸ್ತಕದಾಗ ಕಡೀತನಕ 'ಲ'ನೇ ಇತ್ತು."

ಪಟ್ಟಿ ತಿರುವಿ ನೋಡಿದೆ.
ನಾನೂ ಅದನ್ನೇ ಬರೆದಿದ್ದೆ.