ಮುಂದುವರಿದ ಸಮಸ್ಯೆಗಳು

ಸಂಜೆ ಆರಕ್ಕೆ ಕ್ಲಾಸು. ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ.
ಡಂಡೀ ಬಂದರಿನ ಗಾಳಿ ನನ್ನ ಹಿಂದೆಯೇ ಮೆಟ್ಟಿಲು ಹತ್ತುತ್ತದೆ
ಫೀಸು ಕಟ್ಟದೆ.
ಬೇಕರಿಯ ಪಾಳಿ ಮುಗಿಸಿ ಬಂದವಳು ನಾನು,
ಮೊಣಕೈತನಕ ಇನ್ನೂ ಹಿಟ್ಟಿನ ವಾಸನೆ.
ಪಕ್ಕದ ರೂರಿಗೆ ಇಪ್ಪತ್ತೆರಡು, ನನಗೆ ಐವತ್ಮೂರು.
'ಎಫೀ, ನೋಟ್ಸು?' ಎಂದು ಕೈ ಚಾಚುತ್ತಾನೆ,
ಅಡಿಗೆಮನೆಯ ಡಬ್ಬಿ ತಡಕುವ ಮಗನ ಹಾಗೆ.

ವಿಷಯ: ಕ್ರಿಮಿನಲ್ ಕಾನೂನು ಮತ್ತು ವಿಚಾರಣೆ,
ಮುಂದುವರಿದ ಸಮಸ್ಯೆಗಳು.
ಮುಂದುವರಿದವು ಅಂದರೆ
ತೀರ್ಪಾದ ಮೇಲೂ ಮುಂದುವರಿಯುವವು
ಅಂದುಕೊಂಡಿದ್ದೆ, ಅರ್ಜಿ ತುಂಬುವಾಗ.

ಮೊದಲ ವಾರ ಡಾಕ್ಟರ್ ಅಬರ್ನೆತಿ ಹೇಳಿದ್ದು:
ಈ ನಾಡಿನಲ್ಲಿ ಒಬ್ಬರು ಕಂಡರೆ ಸಾಲದು,
ಕಂಡದ್ದನ್ನು ಎತ್ತಿ ಹಿಡಿಯಲು ಇನ್ನೊಂದು ಬೇಕು.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು, ಅಷ್ಟೇ ತಾನೆ.
ಬರೆದುಕೊಂಡೆ. ಗೆರೆ ಎಳೆದೆ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ:
ಮನಸ್ಸಾಕ್ಷಿ ಒಂದೇ ಇದೆ.
ಎರಡನೆಯದನ್ನು ಎಲ್ಲಿಂದ ತರಲಿ?

ಇವತ್ತು ಒಂಬತ್ತನೇ ವಾರ, ಜ್ಯೂರಿ.
ಹದಿನೈದು ಜನ; ಅಪರಾಧಿ ಅನ್ನಲು ಎಂಟು ಕೈ ಸಾಕಿತ್ತು.
ಮೂರು ಮಾತುಗಳಿದ್ದವು ಆಗ: ಅಪರಾಧಿ, ನಿರಪರಾಧಿ,
ಮತ್ತೆ ಆ ನಡುವಿನದು,
ಈಗ ಪುಸ್ತಕದಿಂದ ಕೀಳುತ್ತಿರುವ ಹಲ್ಲು:
ಸಾಬೀತಾಗಿಲ್ಲ.
'ಅದು ತೀರ್ಪಲ್ಲ, ಭುಜ ಕುಣಿಸೋದು' ಎಂದ ರೂರಿ.
ಎಲ್ಲರೂ ನಕ್ಕರು. ನಾನೂ, ಸ್ವಲ್ಪ.

'ನಿಮ್ಮಲ್ಲಿ ಯಾರಾದರೂ ಕೂತಿದ್ದೀರಾ?'

ಕೂತಿದ್ದೆ. ಹನ್ನೊಂದು ವರ್ಷದ ಹಿಂದೆ, ಮಾರ್ಚ್‌ನಲ್ಲಿ, ಆರು ದಿನ.
ಕಾನೂನು ಇಷ್ಟು ಹೇಳಲು ಬಿಡುತ್ತದೆ:
ಕೋಣೆಯ ಕಿಟಕಿ ತೆರೆಯುತ್ತಿರಲಿಲ್ಲ.
ಬಿಸ್ಕತ್ತು ಮೊದಲ ದಿನವೇ ಮುಗಿಯಿತು.
ಮೇಜಿನ ಒಂದು ಕಾಲು ಗಿಡ್ಡ,
ಯಾರೋ ಬಸ್ ಟಿಕೆಟ್ಟು ಮಡಚಿ ಅಡಿಗಿಟ್ಟಿದ್ದರು.
ಕೋರ್ಟಿನಲ್ಲಿ ಎಲ್ಲರೂ ಕಂಡದ್ದನ್ನೂ ಹೇಳಬಹುದು:
ಆ ಹುಡುಗಿ ಹಸಿರು ಸ್ವೆಟರಿನ ತೋಳನ್ನು
ಹೆಬ್ಬೆರಳ ಮೇಲೆ ಎಳೆದುಕೊಂಡೇ ನಿಂತಿದ್ದಳು, ಇಡೀ ದಿನ.
ನೀರು ಕುಡಿಯಲಿಲ್ಲ.
ನಮ್ಮವನೊಬ್ಬ ಎದ್ದು ನಿಂತು ಓದಿದ್ದು ಆ ನಡುವಿನ ಮಾತನ್ನೇ,
'ಬಹುಮತದಿಂದ' ಎಂದು ಸೇರಿಸಿ.
ಅವನು ಕೋಟಿನ ಗುಂಡಿ ಹಾಕಿಕೊಂಡ. ಇಳಿದು ಹೋದ.

ಆದರೆ ಆ ಕೋಣೆಯಲ್ಲಿ ಯಾರು ಏನಂದರು,
ಕೈ ಎತ್ತಿದವರು ಎಷ್ಟು,
ಕೈ ಎತ್ತಿಬಿಟ್ಟವರು ಎಷ್ಟು,
ಆ ಲೆಕ್ಕ ಕೇಳಬೇಡಿ.
ಬಾಯಿ ಬಿಟ್ಟರೆ ನಾನೇ ಅಪರಾಧಿ;
ಅದಕ್ಕೆ ನಡುವಿನ ಮಾತಿಲ್ಲ.

'ಯಾರೂ ಇಲ್ಲ, ಸರಿ.'
ಡಾಕ್ಟರ್ ಪುಟ ತಿರುಗಿಸುತ್ತಾರೆ.
ನನ್ನ ಕೈ ತೊಡೆಯ ಮೇಲಿದೆ,
ಉಗುರಿನಲ್ಲಿ ಒಣಗಿದ ಹಿಟ್ಟು.

ಹೋದ ಶನಿವಾರ ಬೇಕರಿಗೆ ಬಂದಿದ್ದಳು.
ಕೂದಲು ಕತ್ತರಿಸಿಕೊಂಡಿದ್ದಾಳೆ, ಜೊತೆಗೆ ಒಂದು ಮಗು,
ಗಾಜಿಗೆ ಮೂಗು ಒತ್ತಿ ನಿಂತಿತ್ತು.
ನಾವು ಹದಿನೈದು ಜನ ಅವಳೊಬ್ಬಳನ್ನು ನೋಡಿದ್ದೆವು;
ಅವಳು ಯಾರನ್ನು ನೋಡಿಯಾಳು?
ಏಳು ಬನ್ನು ಕೇಳಿದಳು.
ಎಂಟು ಹಾಕಿದೆ.
ಬಾಗಿಲ ತನಕ ಹೋದವಳು ನಿಂತು, ಚೀಲ ಬಿಚ್ಚಿ, ಎಣಿಸಿ,
ವಾಪಸ್ಸು ಬಂದು ಒಂದನ್ನು ಗಲ್ಲಾದ ಪಕ್ಕ ಇಟ್ಟಳು.
'ನಿಮ್ಮ ಲೆಕ್ಕ ತಪ್ಪಿದೆ' ಅಂದಳು,
ಮೆಲ್ಲಗೆ, ನನಗೆ ಬೇಜಾರಾಗದ ಹಾಗೆ.